ಮೋರಿಗೆ ಸಿಕ್ಕಿಕೊಂಡ ಕಾಯಿ, ಕಂಪ್ಯೂಟರಿನ ನೀರು

ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ. ಹೆಂಗಸರು ಗಂಗಮ್ಮನಿಗೆ ಪೂಜೆ ಮಾಡುತ್ತಾರೆ, ಹುಡುಗರು ಕೋಡಿ ಹಳ್ಳದಲ್ಲಿ ಮೀನು ಹಿಡಿಯುತ್ತಾರೆ. ಆ ವರ್ಷ ಹಬ್ಬದ ಜೊತೆ ಒಂದು ಫಜೀತಿಯೂ ಬಂತು. ಹಳ್ಳಕ್ಕೆ ಅಡ್ಡ ಇರುವ ರಸ್ತೆಯ ಅಡಿಯಲ್ಲಿ ಎರಡಡಿ ಪೈಪಿನ ಒಂದು ಮೋರಿ ಇದೆ. ಅದು ಕಟ್ಟಿಕೊಂಡಿತು. ಮೇಲಿನ ತೋಟಗಳಿಂದ ತೇಲಿ ಬಂದ ತೆಂಗಿನಕಾಯಿಗಳು ಪೈಪಿನ ಬಾಯಲ್ಲಿ ಒಂದಕ್ಕೊಂದು ಆತುಕೊಂಡು ಕೂತಿದ್ದವು. ನೀರು ರಸ್ತೆ ಮೇಲೆ ಹತ್ತಿತು.

ದೊಡ್ಡಪ್ಪ ಬಿದಿರು ಗಳ ತಂದು ಒಂದೇ ಒಂದು ಕಾಯಿಯನ್ನು ತಿವಿದರು. ಅಷ್ಟೇ, ಎಲ್ಲಾ ಕಾಯಿಗಳೂ ಗುಡುಗುಡು ಅಂತ ಪೈಪಿನೊಳಗೆ ಹೊರಟುಹೋದವು.

ನನಗೆ ಆಗ ತಲೆಗೆ ಹತ್ತಿದ ಪ್ರಶ್ನೆ ಇದು: ಪೈಪು ಎರಡಡಿ, ಕಾಯಿ ಅರ್ಧ ಅಡಿ. ಸಲೀಸಾಗಿ ಹೋಗಬೇಕಿತ್ತಲ್ವಾ? ಯಾಕೆ ಸಿಕ್ಕಿಕೊಂಡವು? ನಾನು ತುಮಕೂರಿನಲ್ಲಿ ಪ್ರೋಗ್ರಾಮ್ ಬರೆದು ಬದುಕುವವನು. ಸಂಜೆ ಹೊತ್ತು ಕೂತು ಈ ಮೋರಿಯನ್ನು ಕಂಪ್ಯೂಟರಿನಲ್ಲಿ ಕಟ್ಟೋಣ ಅಂತ ಶುರು ಮಾಡಿದೆ. ನೀರು ಹರಿಸುವುದೇ ಕಷ್ಟದ ಕೆಲಸ ಅಂದುಕೊಂಡಿದ್ದೆ. ಅಲ್ಲ. ನೀರಿಗಿಂತ ದಡ ಕಷ್ಟ. ದಡಕ್ಕಿಂತ, ದಡವೇ ಓಡಾಡಿ ಇನ್ನೊಂದು ದಡಕ್ಕೆ ಗುದ್ದುವುದು ಕಷ್ಟ. ತೇಲುವ ಕಾಯಿ ಅಂದರೆ ನೀರಿನ ಮಟ್ಟಿಗೆ ಓಡಾಡುವ ದಡವೇ ತಾನೆ?

ಹರಿಯುವ ನೀರನ್ನು ಲೆಕ್ಕ ಹಾಕಲು ಎರಡು ದಾರಿ ಇವೆ. ಒಂದು, ಸೇತುವೆ ಮೇಲೆ ನಿಂತು ನೋಡುವುದು. ಹಳ್ಳವನ್ನು ಚೌಕ ಚೌಕವಾಗಿ ಭಾಗ ಮಾಡಿ, ಈ ಚೌಕದಲ್ಲಿ ಈಗ ನೀರಿನ ವೇಗ ಎಷ್ಟು, ಒತ್ತಡ ಎಷ್ಟು ಅಂತ ಬರೆದುಕೊಳ್ಳುವುದು. ಚೌಕ ಅಲ್ಲೇ ಇರುತ್ತದೆ, ನೀರು ದಾಟಿ ಹೋಗುತ್ತದೆ. ಇನ್ನೊಂದು, ತೆಪ್ಪದಲ್ಲಿ ಕೂತು ನೀರಿನ ಜೊತೆಗೇ ಹೋಗುವುದು. ನೀರನ್ನು ಸಣ್ಣ ಸಣ್ಣ ಕಣಗಳಾಗಿ ಒಡೆದು, ಒಂದೊಂದು ಕಣ ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸುವುದು. ಪೈಪಿನ ತುಂಬ ಒಂದೇ ಸಮ ಹರಿಯುವ ನೀರಿಗೆ ಮೊದಲನೆಯದೇ ವಾಸಿ. ಆದರೆ ನೀರು ಚಿಮ್ಮುವ, ಹರಿದು ಚೂರಾಗುವ, ನಡುವೆ ಹತ್ತಾರು ಕಾಯಿ ಉರುಳಾಡುವ ಕಡೆ ಚೌಕಗಳ ಲೆಕ್ಕ ಗೋಜಲಾಗುತ್ತದೆ. ಕ್ಷಣಕ್ಷಣಕ್ಕೂ ನೀರಿನ ಮೇಲ್ಮೈ ಎಲ್ಲಿದೆ ಅಂತ ಹುಡುಕುತ್ತಾ ಕೂರಬೇಕು. ಕಣಗಳ ದಾರಿಯಲ್ಲಿ ಆ ಕಾಟ ಇಲ್ಲ. ಕಣ ಇರುವ ಕಡೆ ನೀರಿದೆ, ಇಲ್ಲದ ಕಡೆ ಇಲ್ಲ.

ಈ ಎರಡನೇ ದಾರಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನಕ್ಕೆ ಸ್ಮೂದ್ಡ್ ಪಾರ್ಟಿಕಲ್ ಹೈಡ್ರೋಡೈನಾಮಿಕ್ಸ್ ಅಂತ ಹೆಸರು. ಚಿಕ್ಕದಾಗಿ ಎಸ್‌ಪಿಎಚ್. ಇದು ಹುಟ್ಟಿದ್ದು ನೀರಿಗಾಗಿ ಅಲ್ಲ, ನಕ್ಷತ್ರಗಳಿಗಾಗಿ. 1977ರಲ್ಲಿ ಲಿಯಾನ್ ಲೂಸಿ ಒಂದು ಕಡೆ, ರಾಬರ್ಟ್ ಗಿಂಗೋಲ್ಡ್ ಮತ್ತು ಜೋ ಮೊನಹನ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಆಕಾಶದಲ್ಲಿ ಗೋಡೆ ಇಲ್ಲ, ದಡ ಇಲ್ಲ. ಅನಿಲದ ಉಂಡೆಗೆ ಯಾರೂ ಅಡ್ಡ ಬರುವುದಿಲ್ಲ. ಮೊನಹನ್ ಇದನ್ನೇ ತೆರೆದ ಮೇಲ್ಮೈಯ ನೀರಿಗೆ, ಅಣೆಕಟ್ಟು ಒಡೆದಾಗ ನುಗ್ಗುವ ಅಲೆಯಂಥದಕ್ಕೆ ಒಗ್ಗಿಸಿ ಪ್ರಕಟಿಸಿದ್ದು 1994ರಲ್ಲಿ. ಆಕಾಶದಿಂದ ಇಳಿದು ನೆಲದ ನೀರಿಗೆ ಬರಲು 17 ವರ್ಷ ಬೇಕಾಯಿತು. ಬಂದ ಕೂಡಲೇ ಗೋಡೆ ಅಡ್ಡ ಸಿಕ್ಕಿತು.

ಕಣ ಅಂದರೆ ಅಣು ಅಲ್ಲ. ನನ್ನ ಲೆಕ್ಕದಲ್ಲಿ ಕಣದಿಂದ ಕಣಕ್ಕೆ 1 ಸೆಂ.ಮೀ. ಅಂತರ ಇಟ್ಟುಕೊಂಡೆ. ಅಂದರೆ ಒಂದು ಕಣ ಅಂದರೆ ಹೆಚ್ಚುಕಮ್ಮಿ ಕಡಲೆಕಾಳಿನಷ್ಟು ನೀರು, ತೂಕ 1 ಗ್ರಾಂ. ಅದರೊಳಗೆ ನಿಜವಾದ ನೀರಿನ ಅಣುಗಳು 33ರ ಮುಂದೆ 21 ಸೊನ್ನೆ ಹಾಕಿದಷ್ಟು ಇರುತ್ತವೆ. ಹೀಗೆ 1 ಲಕ್ಷ ಕಣ ಸೇರಿದರೆ ಎಷ್ಟು ನೀರು ಗೊತ್ತಾ? 100 ಲೀಟರ್. ನೀರು ತುಂಬಿಡುವ ಡ್ರಮ್ಮಿನಲ್ಲಿ ಅರ್ಧ. ಇಡೀ ಕೆರೆಯನ್ನು ಹೀಗೆ ಮಾಡುವ ಮಾತೇ ಇಲ್ಲ. ಮೋರಿಯ ಬಾಯಿ ಮುಂದಿನ ಎರಡು ಮೀಟರ್ ಹಳ್ಳಕ್ಕೇ ನನಗೆ ಸುಮಾರು 5 ಲಕ್ಷ ಕಣ ಬೇಕಾದವು.

ಈಗ ಹೆಸರಿನಲ್ಲಿರುವ ಸ್ಮೂದ್ಡ್ ಅನ್ನುವುದರ ಅರ್ಥ. ನೆಲದ ಮೇಲೆ ರಂಗೋಲಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹತ್ತಿರ ಹತ್ತಿರ ಉದುರಿಸಿ. ಒಂದೊಂದು ಚಿಟಿಕೆಯೂ ಸಣ್ಣ ಗುಡ್ಡೆ. ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಗುಡ್ಡೆಗಳು ಒಂದರ ಮೇಲೊಂದು ಹರಡಿಕೊಂಡರೆ ಕೊನೆಗೆ ನಯವಾದ ಒಂದು ಪದರ ಸಿಗುತ್ತದೆ. ಯಾವುದೋ ಒಂದು ಜಾಗದಲ್ಲಿ ಪುಡಿ ಎಷ್ಟು ದಪ್ಪ ಅಂದರೆ, ಸುತ್ತಲಿನ ಗುಡ್ಡೆಗಳೆಲ್ಲ ಅಲ್ಲಿಗೆ ಕೊಟ್ಟ ಪಾಲನ್ನು ಕೂಡಬೇಕು. ಹತ್ತಿರದ ಗುಡ್ಡೆಯ ಪಾಲು ಜಾಸ್ತಿ, ದೂರದ್ದು ಕಮ್ಮಿ, ಒಂದು ಅಳತೆ ದಾಟಿದರೆ ಸೊನ್ನೆ. ಎಸ್‌ಪಿಎಚ್‌ನಲ್ಲಿ ನೀರಿನ ಸಾಂದ್ರತೆಯನ್ನು ಲೆಕ್ಕ ಹಾಕುವುದು ಥೇಟ್ ಹೀಗೆ. ಗುಡ್ಡೆಯ ಆಕಾರಕ್ಕೆ ಕರ್ನಲ್ ಅನ್ನುತ್ತಾರೆ. ನೀರಿನೊಳಗಿನ ಒಂದು ಕಣಕ್ಕೆ ಮೂವತ್ತಕ್ಕೂ ಜಾಸ್ತಿ ನೆರೆಯವರು ಪಾಲು ಕೊಡುತ್ತಾರೆ.

ಸಾಂದ್ರತೆ ಸಿಕ್ಕರೆ ಒತ್ತಡ ಸಿಕ್ಕಿದ ಹಾಗೆ. ಬೆಳಿಗ್ಗೆ ಎಂಟರ ಬೆಂಗಳೂರು ಬಸ್ಸಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಕ್ಯಾತ್ಸಂದ್ರದಲ್ಲಿ ಇನ್ನೂ ಹತ್ತು ಜನ ಹತ್ತುತ್ತಾರೆ. ಬಾಗಿಲ ಹತ್ತಿರ ಇಕ್ಕಟ್ಟು. ಕಂಡಕ್ಟರು ಒಳಗೆ ಹೋಗಿ ಅಂತ ಕೂಗುವ ಮೊದಲೇ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಖಾಲಿ ಇರುವ ಕಡೆ ಸರಿಯುತ್ತಾರೆ. ಕಣಗಳೂ ಅಷ್ಟೇ. ಇಕ್ಕಟ್ಟಾದ ಕಡೆ ಒತ್ತಡ ಏರುತ್ತದೆ, ಸಡಿಲ ಇರುವ ಕಡೆಗೆ ತಳ್ಳುತ್ತದೆ. ಒಂದು ಕಣ ಇನ್ನೊಂದನ್ನು ಎಷ್ಟು ತಳ್ಳಿತೋ ಅಷ್ಟೇ ಬಲದಲ್ಲಿ ಅದು ತಿರುಗಿ ತಳ್ಳುವ ಹಾಗೆ ಸೂತ್ರ ಬರೆಯುತ್ತಾರೆ. ಇದರ ಮೇಲೆ ಭೂಮಿಯ ಸೆಳೆತ ಕೂಡಿಸಿ, ಪಕ್ಕದ ಕಣದ ವೇಗಕ್ಕೆ ಎಳೆಯುವ ಒಂದಿಷ್ಟು ಸ್ನಿಗ್ಧತೆ ಕೂಡಿಸಿ. ಅದನ್ನು ಜಾಸ್ತಿ ಮಾಡಿದರೆ ನೀರು ಹೋಗಿ ಜೋನಿಬೆಲ್ಲ ಆಗುತ್ತದೆ. ನೀರಿನ ಭಾಗ ಇಷ್ಟೇ. ಒಂದು ಭಾನುವಾರದಲ್ಲಿ ಬರೆದು ಮುಗಿಸಬಹುದು.

ಇಲ್ಲೊಂದು ಸುಳ್ಳು ಇದೆ, ಹೇಳಿಬಿಡುತ್ತೇನೆ. ನಿಜವಾದ ನೀರನ್ನು ಅದುಮುವುದು ಬಹಳ ಕಷ್ಟ. ಅದಕ್ಕೇ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. ಕಂಪ್ಯೂಟರಿನ ಕಾಲ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ, ಮತ್ತು ಒಂದು ಹೆಜ್ಜೆಯಲ್ಲಿ ಶಬ್ದ ಒಂದು ಕಣದಷ್ಟು ದೂರವನ್ನೂ ದಾಟಬಾರದು ಅನ್ನುವುದು ನಿಯಮ. ದಾಟಿದರೆ ಲೆಕ್ಕ ಸಿಡಿದುಹೋಗುತ್ತದೆ. ಜೋಪಾನಕ್ಕೆ ಆ ದೂರದ ಅರ್ಧಕ್ಕೂ ಕಮ್ಮಿ ಇಡುತ್ತಾರೆ. ಹಾಗೆ ನಿಜದ ಶಬ್ದವೇಗ ಇಟ್ಟುಕೊಂಡರೆ 1 ಸೆಕೆಂಡಿನ ನೀರಿಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಹೆಜ್ಜೆ ಬೇಕು. ಅದಕ್ಕೆ ಎಲ್ಲರೂ ಮಾಡುವುದೇನೆಂದರೆ, ನೀರನ್ನು ಬೇಕಂತಲೇ ಸ್ವಲ್ಪ ಮೆತ್ತಗೆ ಮಾಡುವುದು. ಅರ್ಧ ಮೀಟರ್ ಎತ್ತರದಿಂದ ಬೀಳುವ ನೀರಿನ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಶಬ್ದವೇಗ ಅದರ ಹತ್ತು ಪಟ್ಟು, ಅಂದರೆ 31 ಮೀಟರ್ ಇದ್ದರೆ ಸಾಕು ಅಂತ ಇಟ್ಟುಕೊಳ್ಳುತ್ತಾರೆ. ಆಗ ನೀರಿನ ಸಾಂದ್ರತೆ ಹೆಚ್ಚೆಂದರೆ ನೂರಕ್ಕೆ ಒಂದರಷ್ಟು ಏರುಪೇರಾಗುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹೆಜ್ಜೆಗಳು ಸೆಕೆಂಡಿಗೆ 7,700ರ ಆಸುಪಾಸಿಗೆ ಇಳಿಯುತ್ತವೆ. ಅಷ್ಟಾದರೂ ಜಾಸ್ತಿಯೇ, ಆದರೆ ರಾತ್ರಿ ಮಲಗುವಾಗ ಹಚ್ಚಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹತ್ತು ಸೆಕೆಂಡಿನ ನೀರು ಸಿಗುತ್ತದೆ. ಒಂದು ಕಣ ತನ್ನ ನೆರೆಯವರನ್ನು ಹುಡುಕುವುದೂ ಸುಮ್ನೆ ಆಗುವ ಕೆಲಸ ಅಲ್ಲ. ಜಾಗವನ್ನು ಗೂಡು ಗೂಡಾಗಿ ಮಾಡಿ, ಅಕ್ಕಪಕ್ಕದ ಗೂಡುಗಳಲ್ಲಿ ಮಾತ್ರ ಹುಡುಕಬೇಕು. ಎಲ್ಲರೂ ಎಲ್ಲರನ್ನೂ ನೋಡುತ್ತಾ ಕೂತರೆ 1 ಲಕ್ಷ ಕಣಕ್ಕೆ ಸಾವಿರ ಕೋಟಿ ಸಲ ನೋಡಬೇಕಾಗುತ್ತದೆ, ಅದೂ ಪ್ರತಿ ಹೆಜ್ಜೆಗೆ.

ಸರಿ, ಈಗ ದಡದ ವಿಷಯ.

ಗೋಡೆ ಪಕ್ಕದ ಕಣದ ಪಾಡು ನೋಡಿ. ಒಂದು ಕಡೆ ನೆರೆಯವರಿದ್ದಾರೆ, ಇನ್ನೊಂದು ಕಡೆ ಬರೀ ಗೋಡೆ. ಪಾಲು ಕೊಡುವವರು ಅರ್ಧದಷ್ಟು ಮಾತ್ರ. ಹಾಗಾಗಿ ಇಲ್ಲಿ ಸಡಿಲ ಇದೆ ಅಂತ ಅದು ತಪ್ಪು ತಿಳಿಯುತ್ತದೆ. ಒತ್ತಡ ಇಳಿಯುತ್ತದೆ, ಹಿಂದಿನವರು ತಳ್ಳುತ್ತಾರೆ, ಕಣ ಗೋಡೆಯೊಳಗೇ ಇಳಿದುಹೋಗುತ್ತದೆ. ನನ್ನ ಮೊದಲ ಮೋರಿ ಹೀಗೇ ಸೋರಿತ್ತು. ಪರಿಹಾರ ಅಂದರೆ ಗೋಡೆಯನ್ನೂ ಕಣಗಳಿಂದ ಮಾಡುವುದು. ಅವು ಕದಲುವುದಿಲ್ಲ, ಆದರೆ ನೀರಿನ ಕಣಕ್ಕೆ ನೆರೆಯವರಾಗಿ ಪಾಲು ಕೊಡುತ್ತವೆ. ಇಲ್ಲೂ ಒಂದು ತೊಡಕು. ಮೂಲೆಗಳಲ್ಲಿ, ಉಬ್ಬು ತಗ್ಗುಗಳಲ್ಲಿ ಈ ಗೋಡೆಕಣಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಕೂರುತ್ತವೆ. ಒತ್ತಾದ ಕಡೆ ನೀರು ಸುಮ್ಮಸುಮ್ಮನೆ ಹಾರುತ್ತದೆ, ವಿರಳವಾದ ಕಡೆ ಸೋರುತ್ತದೆ. 2012ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ನಾದಿರ್ ಅಕಿಂಚಿ ಮತ್ತು ಸಂಗಡಿಗರು ಇದಕ್ಕೊಂದು ಸರಳ ಉಪಾಯ ಕೊಟ್ಟರು. ಪ್ರತಿಯೊಂದು ಗೋಡೆಕಣವೂ ತನ್ನ ಸುತ್ತ ಎಷ್ಟು ಗೋಡೆಕಣಗಳಿವೆ ಅಂತ ನೋಡಿಕೊಂಡು ತನ್ನ ತೂಕವನ್ನು ತಾನೇ ಹೊಂದಿಸಿಕೊಳ್ಳಬೇಕು. ಗುಂಪಿನಲ್ಲಿದ್ದರೆ ಕಮ್ಮಿ ಪಾಲು, ಒಂಟಿಯಾಗಿದ್ದರೆ ಜಾಸ್ತಿ. ಅಷ್ಟೇ. ಇಷ್ಟು ಚಿಕ್ಕ ಉಪಾಯಕ್ಕೆ ನನ್ನ ಎರಡು ವಾರದ ತಲೆನೋವು ಹೋಯಿತು.

ಕಾಯಿಯನ್ನೂ ಇದೇ ರೀತಿ ಮಾಡಬಹುದು. ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನು ಅದನ್ನು 16 ಸೆಂ.ಮೀ. ಅಡ್ಡಳತೆಯ ಉಂಡೆ ಅಂದುಕೊಂಡೆ, ತೂಕ 1.2 ಕಿಲೋ. ಅದರ ಮೈಮೇಲೆ ಒತ್ತೊತ್ತಾಗಿ ಕಡಲೆಕಾಳು ಅಂಟಿಸಿದ ಹಾಗೆ ಸುಮಾರು 800 ಕಣ. ಪ್ರತಿ ಹೆಜ್ಜೆಯಲ್ಲೂ ನೀರಿನ ಕಣಗಳು ಈ 800 ಕಣಗಳನ್ನು ತಳ್ಳುತ್ತವೆ. ಆ ತಳ್ಳಾಟವನ್ನೆಲ್ಲ ಕೂಡಿದರೆ ಕಾಯಿಯ ಮೇಲಿನ ಒಟ್ಟು ಬಲ. ಯಾವ ಮಗ್ಗುಲಿಗೆ ಎಷ್ಟು ತಳ್ಳಿತು ಅಂತ ನೋಡಿದರೆ ಅದು ಎತ್ತ ಉರುಳುತ್ತದೆ ಅನ್ನುವುದೂ ಗೊತ್ತಾಗುತ್ತದೆ. 800 ಕಣಗಳು ಒಂದನ್ನೊಂದು ಬಿಟ್ಟು ಹೋಗುವುದಿಲ್ಲ, ಇಡೀ ಕಾಯಿ ಒಟ್ಟಿಗೆ ಸರಿಯುತ್ತದೆ, ಒಟ್ಟಿಗೆ ತಿರುಗುತ್ತದೆ.

ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟ ಗಳಿಗೆ ಇಲ್ಲಿಯದು. ನಿಂತ ನೀರಿಗೆ ಒಂದು ಕಾಯಿ ಬಿಟ್ಟೆ. ಮುಳುಗಿತು, ಮೇಲೆದ್ದಿತು, ನಾಲ್ಕಾರು ಸಲ ಕುಣಿದು ನಿಂತಿತು. ತೇಲು ಅಂತ ಪ್ರೋಗ್ರಾಮಿನಲ್ಲಿ ಎಲ್ಲೂ ಬರೆದಿರಲಿಲ್ಲ. ಆರ್ಕಿಮಿಡೀಸನ ಹೆಸರೂ ಇರಲಿಲ್ಲ. ಕೆಳಗಿನ ಕಣಗಳ ಒತ್ತಡ ಜಾಸ್ತಿ, ಮೇಲಿನವುಗಳದ್ದು ಕಮ್ಮಿ, ಹಾಗಾಗಿ ಕಾಯಿ ಮೇಲೆ ಬಂತು. 1.2 ಕಿಲೋ ಕಾಯಿ 1,200 ಕಣಗಳಷ್ಟು ನೀರನ್ನು ಪಕ್ಕಕ್ಕೆ ಸರಿಸಬೇಕು, ಅಂದರೆ ಸುಮಾರು 8.6 ಸೆಂ.ಮೀ. ಮುಳುಗಿರಬೇಕು. ಅಳೆದು ನೋಡಿದರೆ ನನ್ನ ಕಾಯಿ ಚೂರು ಮೇಲೆ ನಿಂತಿತ್ತು. ಕಾರಣವೂ ಕಣ್ಣಿಗೆ ಕಾಣುತ್ತಿತ್ತು. ಕಾಯಿಯ ಮೈಗೂ ನೀರಿಗೂ ನಡುವೆ ಒಂದು ಕಣದಷ್ಟು ತೆಳುವಾದ ಖಾಲಿ ಜಾಗ, ನೀರು ಅದಕ್ಕೆ ಅಂಟಿಕೊಳ್ಳಲು ನಾಚಿದ ಹಾಗೆ. ಎಸ್‌ಪಿಎಚ್‌ನ ಹಳೇ ಚಾಳಿ ಇದು. ಕಣ ಸಣ್ಣದಾದಷ್ಟೂ ಈ ಅಂತರ ಕಮ್ಮಿ ಆಗುತ್ತದೆ. ಆದರೆ ಕಣದ ಅಂತರ ಅರ್ಧ ಮಾಡಿದರೆ ಕಣಗಳ ಸಂಖ್ಯೆ ಎಂಟು ಪಟ್ಟು, ಕಾಲದ ಹೆಜ್ಜೆಯೂ ಅರ್ಧ. ಒಟ್ಟು ಕೆಲಸ ಹದಿನಾರು ಪಟ್ಟು. ಬೇಡ ಅಂದುಕೊಂಡೆ.

ಒಂದು ಕಾಯಿ ತೇಲಿತು. ಎರಡನ್ನು ಬಿಟ್ಟೆ. ಅವು ಒಂದಕ್ಕೊಂದು ತಾಗಿದ ಕೂಡಲೇ ಎರಡೂ ಹಾರಿ ಆಕಾಶಕ್ಕೆ ಹೋದವು. ಸುತ್ತಲಿನ ನೀರನ್ನೂ ಎತ್ತಿಕೊಂಡು ಹೋದವು.

ಗಟ್ಟಿ ವಸ್ತುಗಳ ಡಿಕ್ಕಿಗೆ ನಾನು ಬಳಸಿದ್ದು ಪೀಟರ್ ಕಂಡಲ್ ಮತ್ತು ಒಟ್ಟೊ ಸ್ಟ್ರಾಕ್ 1979ರಲ್ಲಿ ಮರಳು ಕಾಳುಗಳಂಥ ವಸ್ತುಗಳಿಗೆ ಹೇಳಿದ ವಿಧಾನ. ಎರಡು ಕಾಳುಗಳು ತಾಗಿದರೆ ಒಂದರೊಳಗೊಂದು ಕೂದಲೆಳೆಯಷ್ಟು ನುಗ್ಗಲು ಬಿಡುವುದು. ಎಷ್ಟು ನುಗ್ಗಿತೋ ಅಷ್ಟು ಜೋರಾಗಿ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ತಳ್ಳುವುದು. ಜೊತೆಗೆ ಪುಟಿತವನ್ನು ತಗ್ಗಿಸಲು ಒಂದು ಶಾಕ್ ಅಬ್ಸಾರ್ಬರ್ ಇಟ್ಟ ಹಾಗೆ ಮಾಡುವುದು, ಪಕ್ಕಕ್ಕೆ ಜಾರದಂತೆ ಘರ್ಷಣೆ ಸೇರಿಸುವುದು. ಸ್ಪ್ರಿಂಗು ಎಷ್ಟು ಬಿಗಿ ಇರಬೇಕು ಅನ್ನುವುದೇ ಪ್ರಶ್ನೆ. ಕಾಯಿ ಗಟ್ಟಿ ಅಲ್ವಾ ಅಂತ ನಾನು ಕಲ್ಲಿನಂಥ ಬಿಗಿ ಕೊಟ್ಟಿದ್ದೆ. ಮೀಟರಿಗೆ 100 ಕೋಟಿ ನ್ಯೂಟನ್. ಅಷ್ಟು ಬಿಗಿ ಇದ್ದರೆ ಎರಡು ಕಾಯಿ ತಾಗಿ ಬೇರೆಯಾಗಲು ಬೇಕಾಗುವುದು ಒಂದು ಸೆಕೆಂಡಿನ ಲಕ್ಷದಲ್ಲಿ 8 ಭಾಗ. ನನ್ನ ಒಂದು ಹೆಜ್ಜೆಯೇ ಲಕ್ಷದಲ್ಲಿ 13 ಭಾಗ. ಡಿಕ್ಕಿ ಶುರುವಾಗಿ ಮುಗಿಯಬೇಕಾದ ಹೊತ್ತಿಗೆ ಕಂಪ್ಯೂಟರ್ ಇನ್ನೂ ಒಂದು ಕಾಲು ಎತ್ತಿ ಕೆಳಗಿಟ್ಟಿಲ್ಲ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಕಾಯಿಗಳು ಒಂದರೊಳಗೊಂದು ತೂರಿ ಕೂತಿವೆ, ಸ್ಪ್ರಿಂಗು ಹುಚ್ಚೆದ್ದು ತಳ್ಳುತ್ತಿದೆ.

ಬಿಗಿಯನ್ನು ಹತ್ತು ಸಾವಿರ ಪಟ್ಟು ಇಳಿಸಿ 1 ಲಕ್ಷಕ್ಕೆ ತಂದೆ. ಡಿಕ್ಕಿಯ ಹೊತ್ತು ನೂರು ಪಟ್ಟು ಉದ್ದವಾಯಿತು, ಸುಮಾರು 60 ಹೆಜ್ಜೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಗುದ್ದಿದರೆ ಎರಡೂವರೆ ಮಿಲಿಮೀಟರಿನಷ್ಟು ನುಗ್ಗುತ್ತದೆ. ಕಾಯಿಗೆ ನಾರಿನ ಸಿಪ್ಪೆ ಇದೆಯಲ್ಲ, ಅಷ್ಟು ಅದುಮಿದರೆ ತಪ್ಪೇನಿಲ್ಲ. ಆದರೆ ಬಂಡೆಗಳಿಗೆ, ಉಕ್ಕಿನ ಗುಂಡುಗಳಿಗೆ ಹೀಗೆ ಮಾಡಿದರೆ ಒಪ್ಪುವುದು ಕಷ್ಟ. ಅಂಥ ಕಡೆ ಸ್ಪ್ರಿಂಗನ್ನು ಬಿಟ್ಟು, ಈ ಹೆಜ್ಜೆಯ ಕೊನೆಗೆ ಯಾವುದೂ ಯಾವುದರೊಳಗೂ ನುಗ್ಗಿರಬಾರದು ಅಂತ ಷರತ್ತು ಹಾಕಿ ಎಲ್ಲಾ ಡಿಕ್ಕಿಗಳನ್ನೂ ಒಟ್ಟಿಗೆ ಬಿಡಿಸುವ ವಿಧಾನ ಇದೆ. ಉಚಿತವಾಗಿ ಸಿಗುವ ಡ್ಯುಯಲ್‌ಎಸ್‌ಫಿಸಿಕ್ಸ್ ಎಂಬ ಸಾಫ್ಟ್‌ವೇರು ನೀರಿನ ಲೆಕ್ಕವನ್ನು ತಾನೇ ಮಾಡಿ, ಡಿಕ್ಕಿಗಳ ಲೆಕ್ಕವನ್ನು ಪ್ರಾಜೆಕ್ಟ್ ಕ್ರೋನೋ ಎಂಬ ಇನ್ನೊಂದಕ್ಕೆ ವಹಿಸಿಕೊಡಬಲ್ಲದು. ಅಲೆಯ ಹೊಡೆತಕ್ಕೆ ಕಡಲ ದಂಡೆಯ ಕಾಂಕ್ರೀಟ್ ದಿಮ್ಮಿಗಳು ಏನಾಗುತ್ತವೆ ಅಂತ ನೋಡುವವರಿಗೆಲ್ಲ ಇಂಥದ್ದು ಬೇಕು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಆದರೆ ಅದಿರನ್ನು ನೀರಿನ ಜೊತೆ ಉಕ್ಕಿನ ಗುಂಡುಗಳಿಂದ ಅರೆಯುವ ಡ್ರಮ್ಮುಗಳು ಬೇರೆ ಗಣಿಗಳಲ್ಲಿ ಈಗಲೂ ತಿರುಗುತ್ತಿವೆ. ಅವುಗಳ ಒಳಗನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ, ಹೀಗೆ ಲೆಕ್ಕದಲ್ಲೇ ನೋಡಬೇಕು. ಮನೆಯ ಗ್ರೈಂಡರಿನಲ್ಲಿ ದೋಸೆ ಹಿಟ್ಟು ರುಬ್ಬುವುದೂ ಅದೇ ಜಾತಿಯ ಲೆಕ್ಕ.

ನೀರಿನೊಳಗಿನ ಡಿಕ್ಕಿಗೆ ಇನ್ನೂ ಎರಡು ವಿಚಿತ್ರಗಳಿವೆ. ಎರಡು ಕಾಯಿಗಳು ಹತ್ತಿರ ಬರುವಾಗ ನಡುವಿನ ನೀರು ಹಿಂಡಿ ಹೊರಗೆ ಹೋಗಬೇಕು. ಆ ತೆಳು ಪದರ ದಿಂಬಿನ ಹಾಗೆ ಗುದ್ದನ್ನು ತಗ್ಗಿಸುತ್ತದೆ. ಗಾಳಿಯಲ್ಲಿ ಎರಡು ಗೋಲಿ ಕುಟ್ಟಿ, ಬಕೆಟ್ಟಿನ ನೀರೊಳಗೆ ಕುಟ್ಟಿ, ಕೈಗೇ ಗೊತ್ತಾಗುತ್ತದೆ. ಆದರೆ ಕಂಪ್ಯೂಟರಿನಲ್ಲಿ ನಡುವಿನ ಜಾಗ 1 ಸೆಂ.ಮೀ.ಗಿಂತ ಕಮ್ಮಿ ಆದ ಕೂಡಲೇ ಅಲ್ಲಿ ಒಂದು ಕಣವೂ ಹಿಡಿಸುವುದಿಲ್ಲ. ದಿಂಬು ಮಾಯ. ಇಲ್ಲವೇ ಒಂದೇ ಒಂದು ಕಣ ನಡುವೆ ಸಿಕ್ಕಿಹಾಕಿಕೊಂಡು, ಅದರ ಒತ್ತಡ ವಿಪರೀತ ಏರಿ, ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ. ದಿಂಬಿನ ಬಲವನ್ನು ಬೇರೆ ಸೂತ್ರದಿಂದ ಕೈಯಾರೆ ಸೇರಿಸುವವರಿದ್ದಾರೆ. ನಾನು ಸೇರಿಸಲಿಲ್ಲ.

ಎರಡನೆಯದು ಹಗುರ ವಸ್ತುಗಳ ನಡುಕ. ನೀರಿನಲ್ಲಿ ಒಂದು ಚೆಂಡು ವೇಗ ಹಿಡಿಯಬೇಕಾದರೆ ಸುತ್ತಲಿನ ನೀರನ್ನೂ ಎಳೆದುಕೊಂಡು ಹೋಗಬೇಕು. ಪೂರ್ತಿ ಮುಳುಗಿದ ಉಂಡೆಗೆ, ಅದು ಸರಿಸಿದ ನೀರಿನ ಅರ್ಧದಷ್ಟು ತೂಕ ಹೆಚ್ಚುವರಿಯಾಗಿ ಹೊತ್ತ ಹಾಗೆ. ನನ್ನ ಪ್ರೋಗ್ರಾಮಿನಲ್ಲಿ ನೀರು ಒಂದು ಸರದಿ, ಕಾಯಿ ಒಂದು ಸರದಿ. ಕಾಯಿಗೆ ಇದು ನಡೆಯಿತು. ಖಾಲಿ ನೀರಿನ ಬಾಟಲಿ ಬಿಟ್ಟೆ ನೋಡಿ, ಜ್ವರ ಬಂದವರ ಹಾಗೆ ಗಡಗಡ ನಡುಗಿತು. ತನ್ನ ಸರದಿಯಲ್ಲಿ ಆ ಹೆಚ್ಚುವರಿ ತೂಕ ಲೆಕ್ಕಕ್ಕೇ ಬಾರದೆ ಹಗುರ ಬಾಟಲಿ ಅತಿಯಾಗಿ ಜಿಗಿಯುತ್ತದೆ, ನೀರು ತನ್ನ ಸರದಿಯಲ್ಲಿ ಅದಕ್ಕಿಂತ ಜೋರಾಗಿ ಎಸೆಯುತ್ತದೆ. ಇಬ್ಬರ ಲೆಕ್ಕವನ್ನೂ ಹೆಣೆದು ಒಟ್ಟಿಗೆ ಬಿಡಿಸುವ ದಾರಿಯನ್ನು 2019ರಲ್ಲಿ ಫ್ರೈಬರ್ಗ್‌ನವರೇ ತೋರಿಸಿಕೊಟ್ಟರು.

ಕೊನೆಗೆ ಮೋರಿ. ಇಪ್ಪತ್ತನಾಲ್ಕು ಕಾಯಿಗಳನ್ನು ಹಳ್ಳಕ್ಕೆ ಬಿಟ್ಟೆ. ಘರ್ಷಣೆ ಸೊನ್ನೆ ಇಟ್ಟಾಗ ಎಣ್ಣೆ ಹಚ್ಚಿದ ಹಾಗೆ ಜಾರಿ ಹೋದವು. ಘರ್ಷಣೆ ಸೇರಿಸಿದಾಗ ಕೆಲವು ಸಲ ಹೋದವು, ಕೆಲವು ಸಲ ನಾಲ್ಕು ಕಾಯಿ ಪೈಪಿನ ಬಾಯಲ್ಲಿ ಕಮಾನು ಕಟ್ಟಿ ಕೂತವು. ಹಿಂದಿನ ನೀರು ತಳ್ಳಿದಷ್ಟೂ ಕಮಾನು ಬಿಗಿಯಾಯಿತು, ಕಲ್ಲಿನ ಕಮಾನಿನ ಮೇಲೆ ಭಾರ ಹೇರಿದ ಹಾಗೆ. ಒಣ ಕಾಳುಗಳಿಗೆ ಒಂದು ಅಂದಾಜು ಇದೆ: ಬಾಯಿ ಕಾಳಿನ ಐದಾರು ಪಟ್ಟಿಗಿಂತ ಅಗಲ ಇದ್ದರೆ ಸಾಮಾನ್ಯವಾಗಿ ಕಟ್ಟಿಕೊಳ್ಳುವುದಿಲ್ಲ. ನಮ್ಮ ಪೈಪು ಕಾಯಿಯ ನಾಲ್ಕು ಪಟ್ಟೂ ಇಲ್ಲ. ಒಂದು ಕಾಯಿಯನ್ನು ಶುರುವಿನಲ್ಲಿ ಅರ್ಧ ಸೆಂ.ಮೀ. ಆಚೆ ಇಟ್ಟರೂ ಕಥೆ ಬದಲಾಗುತ್ತಿತ್ತು. ಹಾಗಾಗಿ ಒಂದು ಸಲ ಓಡಿಸಿ ಹೀಗೇ ಆಗುತ್ತದೆ ಅಂತ ಹೇಳುವ ಹಾಗಿಲ್ಲ, ಮತ್ತೆ ಮತ್ತೆ ಓಡಿಸಬೇಕು. ಕಮಾನಿನ ಒಂದು ಕಾಯಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದೆ. ಉಳಿದವು ಗುಡುಗುಡು ಅಂತ ಹೊರಟವು.

ಊರಿಗೆ ಹೋದಾಗ ಫೋನಿನಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಎರಡು ಸಲ ನೋಡಿದರು.

"ಚೆನ್ನಾಗೈತೆ ಕಣಪ್ಪ. ಗರಿ ಎಲ್ಲಿ?" ಅಂದರು.

"ಯಾವ ಗರಿ ದೊಡ್ಡಪ್ಪ?"

"ಕಾಯಿ ಒಂದೇ ಬರುತ್ತಾ ಹಳ್ಳದಾಗೆ? ಮೊದಲು ತೆಂಗಿನ ಗರಿ ಬಂದು ಪೈಪಿಗೆ ಅಡ್ಡ ಕೂತ್ಕೊಳುತ್ತೆ. ಆಮೇಲೆ ಕಾಯಿ ಅದಕ್ಕೆ ಆತ್ಕೊಳೋದು. ನಾನು ಅವತ್ತು ತಿವಿದಿದ್ದು ಕಾಯಿನ, ಜಾರಿದ್ದು ಗರಿ."

ಗರಿ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಒಂದೊಂದು ಎಲೆಯೂ ಬೇರೆ ಬೇರೆ ಅಲ್ಲಾಡುತ್ತದೆ. 800 ಕಣ ಒಟ್ಟಿಗೆ ಸರಿಯುತ್ತವೆ ಅನ್ನುವ ನನ್ನ ಉಪಾಯ ಅದಕ್ಕೆ ನಡೆಯುವುದಿಲ್ಲ. ಈಗ ನಡುವಿನ ದಂಟನ್ನು ಹದಿನಾರು ತುಂಡು ಮಾಡಿ, ತುಂಡು ತುಂಡಿಗೂ ಸ್ಪ್ರಿಂಗು ಹಾಕಿ ಜೋಡಿಸಿದ್ದೇನೆ. ನಿನ್ನೆ ರಾತ್ರಿ ಓಡಿಸಿದೆ. ಎಂಟನೇ ತುಂಡಿನಲ್ಲಿ ಮುರಿಯಿತು.